ಅಜ್ಜನ ರೀಲು, ತೋಟದ ರೊಬಸ್ಟಾ: ಕಾಫಿಯಲ್ಲಿ ಫಿಲ್ಮ್ ತೊಳೆದವರು ಯಾರಾದರೂ ಇದ್ದೀರಾ?

ಕಣದ ಮೂಲೆ (ನಾಪೋಕ್ಲು) – ಜುಲೈ 6

ಎಲ್ಲರಿಗೂ ನಮಸ್ಕಾರ. ಈ ಮಳೆಗೆ ನಮ್ಮ ಐನ್‌ಮನೆಯ (ಕುಟುಂಬದ ಹಳೇ ಮನೆಯ) ಅಟ್ಟ ಸೋರಿತು. ಸಾಮಾನು ಇಳಿಸುವಾಗ ಅಜ್ಜನ ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಆಗ್ಫಾ ಕ್ಲಿಕ್ 3 ಕ್ಯಾಮೆರಾ. ಹಿಂದಿನ ಕೆಂಪು ಕಿಂಡಿಯಲ್ಲಿ 12 ಅಂತ ಕಾಣುತ್ತಿದೆ. ಅಂದರೆ ರೀಲಿನಲ್ಲಿ ಪೂರ್ತಿ ಫೋಟೋ ತೆಗೆದಿದ್ದಾರೆ, ಆದರೆ ತೊಳೆಸಿಲ್ಲ (ಡೆವಲಪ್ ಮಾಡಿಸಿಲ್ಲ). ಜೊತೆಗೆ ಸೀಲು ಬಿಚ್ಚದ ಎರಡು 'ಇಂದು' ಕಪ್ಪುಬಿಳುಪು ರೀಲು. ಡಬ್ಬಿಯ ಮೇಲೆ 1988 ಅಂತ ಇದೆ. ಅಜ್ಜ ತೀರಿಕೊಂಡದ್ದು 1990ರಲ್ಲಿ.

ನಗರದ ಒಂದು ಲ್ಯಾಬ್‌ಗೆ ತೋರಿಸಿದೆ. ಕೈಯಲ್ಲಿ ಹಿಡಿದು ಕೂಡ ನೋಡಲಿಲ್ಲ, ಏನೂ ಬರಲ್ಲ ಬಿಸಾಡಿ ಅಂದರು. ಅಜ್ಜನ ಕೊನೆಯ 12 ಫೋಟೋ ಅದು. ಬಿಸಾಡುವುದು ಹೇಗೆ?

ಇನ್‌ಸ್ಟಂಟ್ ಕಾಫಿಯಲ್ಲಿ ಫಿಲ್ಮ್ ತೊಳೆಯಬಹುದು ಅಂತ ಓದಿದೆ. ನಮ್ಮದೇ ರೊಬಸ್ಟಾ ಮೂಟೆಗಟ್ಟಲೆ ಇದೆ. ಅದರಲ್ಲಿ ಆಗುತ್ತದಾ? ಹಳೇ ಫಿಲ್ಮ್‌ಗೆ ಅದು ಸರಿಯಾ? ಗೊತ್ತಿದ್ದವರು ಹೇಳಿ.

ಹೈಪೋ ವಾಸನೆ (ವಿರಾಜಪೇಟೆ) – ಜುಲೈ 6

ತಮ್ಮಾ, ಮೊದಲು ಒಂದು ಕೆಲಸ ಮಾಡು. ಕ್ಯಾಮೆರಾ ತೆರೆಯಬೇಡ. ಮೇಲಿನ ತಿರುಗಣೆಯನ್ನು ನಿಧಾನ ತಿರುಗಿಸು. ಎಳೆತ ಬಿಟ್ಟು ಹಗುರಾಗುವ ತನಕ ತಿರುಗಿಸು. ಆಗ ಫಿಲ್ಮ್ ಪೂರ್ತಿ ಅದರ ಹಿಂದಿನ ಕಾಗದದೊಳಗೆ ಸುತ್ತಿಕೊಂಡಿರುತ್ತದೆ. ಜೋರಾಗಿ ತಿರುಗಿಸಿದರೆ ಹಳೇ ಕಾಗದ ಹರಿಯುತ್ತದೆ. ಆಮೇಲೆ ಮಂದ ಬೆಳಕಿನಲ್ಲಿ ತೆಗೆದು, ಟೇಪು ಅಂಟಿಸಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಗಾಳಿ ಹೋಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡು. ನಮ್ಮ ಮಳೆಗಾಲದ ಗಾಳಿಯಲ್ಲಿ ಸುಮ್ನೆ ಮೇಜಿನ ಮೇಲೆ ಬಿಡಬೇಡ. ಫಿಲ್ಮ್ ಮೇಲಿನ ಪದರ ಜೆಲಟಿನ್. ಬೂಷ್ಟಿಗೆ ಅದು ಒಳ್ಳೇ ಊಟ.

ಇಂದು ಅಂದರೆ ನಮ್ಮ ಪಕ್ಕದ ನೀಲಗಿರಿಯದ್ದೇ ಮಾಲು. ಊಟಿಯಲ್ಲಿ 1960ರಲ್ಲಿ ಶುರುವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಅನ್ನುವ ಸರ್ಕಾರಿ ಕಾರ್ಖಾನೆ. ನಾನು ಸ್ಟುಡಿಯೋ ಕೆಲಸಕ್ಕೆ ಸೇರಿದಾಗ ದಿನಾ ಅದೇ ಫಿಲ್ಮ್ ತೊಳೆಯುತ್ತಿದ್ದೆವು. ಕಾರ್ಖಾನೆ ಮುಚ್ಚಿಹೋಯಿತು. ಆ ಹೆಸರು ಓದಿ ಮನಸ್ಸು ಭಾರ ಆಯಿತು.

ಕಪ್ಪುಬಿಳುಪು ಆದ್ದರಿಂದ ಆಸೆ ಇದೆ. ಕಲರ್ ಆಗಿದ್ದರೆ ಇಷ್ಟು ಧೈರ್ಯ ಹೇಳುತ್ತಿರಲಿಲ್ಲ. ಅವಸರ ಮಾಡಬೇಡ. ಇಷ್ಟು ವರ್ಷ ಕಾದ ರೀಲು ಇನ್ನೊಂದು ತಿಂಗಳು ಕಾಯುತ್ತದೆ.

ಮಂಜಿನ ಫ್ರೇಮ್ (ಮಡಿಕೇರಿ) – ಜುಲೈ 7

ನಾನು ಮೂರು ವರ್ಷದಿಂದ ಕಾಫಿಯಲ್ಲೇ ತೊಳೆಯುತ್ತಿದ್ದೇನೆ. ಇದಕ್ಕೆ ಕೆಫಿನಾಲ್ ಅಂತ ಹೆಸರು. 1995ರಲ್ಲಿ ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಸ್ಕಾಟ್ ವಿಲಿಯಮ್ಸ್ ಅನ್ನುವ ಮೇಷ್ಟ್ರು ವಿದ್ಯಾರ್ಥಿಗಳ ಜೊತೆ ಸೇರಿ ಮಾಡಿದ್ದು. ಮೊದಲು ಬರೀ ಕಾಫಿ ಮತ್ತು ಸೋಡಾ ಇತ್ತು. ವಿಟಮಿನ್ ಸಿ ಆಮೇಲೆ ಸೇರಿತು.

ಒಂದು ಲೀಟರ್ ನೀರಿಗೆ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ. 20 ಡಿಗ್ರಿಯಲ್ಲಿ 15 ನಿಮಿಷ. ನಿಮ್ಮದು 120 ಅನ್ನುವ ಅಳತೆಯ ರೀಲು, ಅದಕ್ಕೆ 500 ಮಿಲಿ ಸಾಕು, ಎಲ್ಲ ಅರ್ಧ ಮಾಡಿಕೊಳ್ಳಿ. ಮೊದಲು ಸೋಡಾ ಕರಗಿಸಿ. ನೀರು ಬೆಚ್ಚಗಾಗುತ್ತದೆ, ಆರಲು ಬಿಡಿ. ಆಮೇಲೆ ವಿಟಮಿನ್ ಸಿ, ಅದು ನೊರೆ ಬರುತ್ತದೆ. ಕೊನೆಗೆ ಕಾಫಿ. ಐದು ನಿಮಿಷ ಗುಳ್ಳೆ ಅಡಗಲು ಬಿಟ್ಟು ಬೆಳಕು ಹೋಗದ ಫಿಲ್ಮ್ ಟ್ಯಾಂಕಿಗೆ ಹಾಕಿ. ಮೊದಲ ನಿಮಿಷ ಪೂರ್ತಿ ತಿರುಗಿಸಿ, ಆಮೇಲೆ ನಿಮಿಷಕ್ಕೆ ಮೂರು ಸಲ. ಕಲಸಿದ್ದನ್ನು ಅರ್ಧ ಗಂಟೆಯೊಳಗೆ ಬಳಸಬೇಕು, ಇಡಲು ಬರುವುದಿಲ್ಲ. ವಾಸನೆ ಕೆಟ್ಟದಾಗಿರುತ್ತದೆ, ಕಿಟಕಿ ತೆರೆದಿಡಿ.

ನಮ್ಮೂರಿನ ಒಂದು ಭಾಗ್ಯ ಹೇಳುತ್ತೇನೆ. ಜುಲೈಯಲ್ಲಿ ನಮ್ಮ ಬಾವಿ ನೀರು 19, 20 ಡಿಗ್ರಿ ಇರುತ್ತದೆ. ಐಸ್ ಹುಡುಕುವ ಕೆಲಸವೇ ಇಲ್ಲ. ಕರೆಂಟ್ ಹೋದ ರಾತ್ರಿ ಮನೆಯೇ ಡಾರ್ಕ್‌ರೂಮ್.

ಹಳೇ ಫಿಲ್ಮ್ ಅಂದರೆ ಮಂಕು ಹಿಡಿದಿರುತ್ತದೆ. ಅದಕ್ಕೆ ಲೀಟರಿಗೆ 1 ಗ್ರಾಂ ಪೊಟ್ಯಾಸಿಯಂ ಬ್ರೋಮೈಡ್ ಸೇರಿಸಿ. ಬೆಳಕು ಬೀಳದ ಜಾಗ ಕಪ್ಪಾಗುವುದನ್ನು ಅದು ತಡೆಯುತ್ತದೆ. ಅರ್ಧ ಗ್ರಾಂ ತೂಗುವುದು ಕಷ್ಟ ಅಲ್ವಾ, ಅದಕ್ಕೆ 10 ಗ್ರಾಂ ಬ್ರೋಮೈಡನ್ನು 100 ಮಿಲಿ ನೀರಲ್ಲಿ ಕರಗಿಸಿ ಬಾಟಲಿಯಲ್ಲಿಡಿ. 500 ಮಿಲಿಗೆ ಅದರಿಂದ 5 ಮಿಲಿ ಸಿರಿಂಜಲ್ಲಿ ಎಳೆದು ಹಾಕಿದರೆ ಆಯಿತು.

ದೂರದ ಮಳೆ (ಬೆಂಗಳೂರು, ಊರು ಗೋಣಿಕೊಪ್ಪಲು) – ಜುಲೈ 7

ಮೂರು ಪ್ರಶ್ನೆ. ಒಂದು, ಅಡುಗೆ ಸೋಡಾ ಆಗುತ್ತದಾ? ಎರಡು, ನಮ್ಮನೆಯ ಫಿಲ್ಟರ್ ಕಾಫಿ ಪುಡಿಯಲ್ಲಿ ಚಿಕೋರಿ ಇದೆ, ಪರವಾಗಿಲ್ವಾ? ಮೂರು, ಡೆವಲಪರ್ (ಬಿಂಬ ಮೂಡಿಸುವ ದ್ರಾವಣ) ಕೆಲಸ ನಿಲ್ಲಿಸಲು ವಿನೆಗರ್ ಬದಲು ಕಾಚಂಪುಳಿ (ನಮ್ಮ ಕಪ್ಪು ಹುಳಿ) ಹಾಕಬಹುದಾ? ಮನೆಯಲ್ಲಿ ಅಮ್ಮ ಕಳಿಸಿದ ಬಾಟಲಿ ಇದೆ.

ಪ್ರಯೋಗಶಾಲೆ (ಸೋಮವಾರಪೇಟೆ) – ಜುಲೈ 8

ನಾನು ಕೆಮಿಸ್ಟ್ರಿ ಪಾಠ ಮಾಡುವವಳು. ಫೋಟೋ ತೆಗೆಯುವುದು ಕಲಿತದ್ದು ಈಚೆಗೆ.

ಅಡುಗೆ ಸೋಡಾ ಹಾಗೇ ಆಗುವುದಿಲ್ಲ, ಅದರ ಕ್ಷಾರ ಸಾಲದು. ಆದರೆ ಅದನ್ನು ಬಾಣಲೆಯಲ್ಲಿ ಚೆನ್ನಾಗಿ ಹುರಿದರೆ ವಾಷಿಂಗ್ ಸೋಡಾ ಆಗುತ್ತದೆ. ನೀರು ಮತ್ತು ಇಂಗಾಲದ ಡೈಆಕ್ಸೈಡ್ ಬಿಟ್ಟುಹೋಗಿ 100 ಗ್ರಾಂ ಹುರಿದರೆ ಸುಮಾರು 63 ಗ್ರಾಂ ಉಳಿಯುತ್ತದೆ. ಹುರಿಯುವ ಮೊದಲು ತೂಗಿ, ಆಮೇಲೆ ತೂಗಿ. ತೂಕ ಇಳಿಯುವುದು ನಿಂತರೆ ಕೆಲಸ ಮುಗಿದಂತೆ.

ಇಲ್ಲಿ ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ಅಂಗಡಿಯಲ್ಲಿ ಸಿಗುವ ಸೋಡಾ ಹರಳಾಗಿದ್ದರೆ ಅದರ ಅರ್ಧಕ್ಕಿಂತ ಜಾಸ್ತಿ ತೂಕ ಬರೀ ನೀರು. 54 ಗ್ರಾಂ ಒಣ ಪುಡಿಗೆ ಬದಲು ಹರಳು ಹಾಕುವುದಾದರೆ 146 ಗ್ರಾಂ ಬೇಕು. ಕೆಫಿನಾಲ್ ಕೈಕೊಟ್ಟಿತು ಅಂದವರಲ್ಲಿ ಹಲವರು ಹರಳನ್ನು ಪುಡಿಯ ಲೆಕ್ಕದಲ್ಲಿ ಹಾಕಿರುತ್ತಾರೆ.

ಕಾಫಿಯಲ್ಲಿ ಕೆಲಸ ಮಾಡುವುದು ಕೆಫೀನ್ ಅಲ್ಲ, ಕೆಫೀಯಿಕ್ ಆಮ್ಲ. ಕೆಫೀನ್ ತೆಗೆದ ಕಾಫಿಯಲ್ಲೂ ಫಿಲ್ಮ್ ತೊಳೆಯಬಹುದು. ಕಾಫಿ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲ ತುಂಬಾ ಇದೆ. ಸೋಡಾದ ಕ್ಷಾರದಲ್ಲಿ ಅದು ಒಡೆದು ಕೆಫೀಯಿಕ್ ಆಮ್ಲ ಬರುತ್ತದೆ. ಇದು ಅರೇಬಿಕಾಗಿಂತ ರೊಬಸ್ಟಾದಲ್ಲಿ ಜಾಸ್ತಿ. ಕುಡಿಯಲು ಕಹಿ, ಒರಟು ಅಂತ ನಾವು ಪಕ್ಕಕ್ಕಿಡುವ ರೊಬಸ್ಟಾ ಇಲ್ಲಿ ಮೇಲು. ನಮ್ಮ ಜಿಲ್ಲೆಯಲ್ಲಿ ಬೆಳೆಯುವುದೂ ಅದೇ ಜಾಸ್ತಿ. ಚಿಕೋರಿ ಸೇರಿದಷ್ಟೂ ಕಾಫಿಯ ಪಾಲು ಕಡಿಮೆ. ಪ್ಯಾಕೆಟ್ ಹಿಂದೆ ಓದಿ, ಬರೀ ಕಾಫಿ ಇರುವುದನ್ನೇ ತನ್ನಿ.

ವಿಟಮಿನ್ ಸಿ ಕೂಡ ಅಗಿಯುವ ಮಾತ್ರೆ ಬೇಡ. ಅದರಲ್ಲಿ ಸಕ್ಕರೆ, ಬಣ್ಣ ಎಲ್ಲ ಇರುತ್ತದೆ. ಆಸ್ಕಾರ್ಬಿಕ್ ಆಮ್ಲದ ಪುಡಿಯೇ ಬೇಕು.

ಕಾಚಂಪುಳಿ ಬೇಡಮ್ಮ. ಹುಳಿ ಇದೆ ನಿಜ, ಆದರೆ ಅಷ್ಟು ಕಪ್ಪು, ಅಷ್ಟು ಮಂದ. ಅದರ ಹುಳಿ ಬಾಟಲಿಯಿಂದ ಬಾಟಲಿಗೆ ಬೇರೆ. ಮೂರು ಸಲ ಸಾದಾ ನೀರು ತುಂಬಿ ಚೆಲ್ಲಿದರೆ ಸಾಕು. ಕಾಚಂಪುಳಿ ಪಂದಿಕರಿಗೇ ಇರಲಿ.

ಹೈಪೋ ವಾಸನೆ – ಜುಲೈ 8

ಮೇಡಂ ಹೇಳಿದ್ದು ಓದಿ ಸಂತೋಷ ಆಯಿತು. ಮನೆಯಲ್ಲಿ ಡೆವಲಪರ್ ಮಾಡುವುದು ಹೊಸದಲ್ಲ. ನಮ್ಮ ಸ್ಟುಡಿಯೋದಲ್ಲಿ ಡಬ್ಬಿ ಡೆವಲಪರ್ ತರುತ್ತಲೇ ಇರಲಿಲ್ಲ. ಡಿ-76 ನಾವೇ ತೂಗಿ ಕಲಸುತ್ತಿದ್ದೆವು. ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬೋರಾಕ್ಸ್ 2. ಬೆಚ್ಚಗಿನ ನೀರಿಗೆ ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್, ಅದು ಪೂರ್ತಿ ಕರಗಿದ ಮೇಲೆ ಉಳಿದ ಸಲ್ಫೈಟ್. ಸಲ್ಫೈಟ್ ಎಲ್ಲ ಮೊದಲೇ ಸುರಿದರೆ ಮೆಟಾಲ್ ಕರಗುವುದಿಲ್ಲ. ಈ ಕ್ರಮ ನನಗೆ ಈಗಲೂ ನಿದ್ದೆಯಲ್ಲಿ ಬರುತ್ತದೆ.

ಅದಕ್ಕೇ ನನ್ನ ಮಾತು ಇಷ್ಟು. ಕಾಫಿ ಪ್ರಯೋಗ ಚೆಂದ, ಮಾಡಿ. ಆದರೆ ಅಜ್ಜನ ರೀಲಿಗೆ ಬೇಡ. ಕಾಫಿ ಇಡೀ ಫಿಲ್ಮಿಗೇ ಕಂದು ಬಣ್ಣ ಹಿಡಿಸುತ್ತದೆ. ಹಳೇ ಫಿಲ್ಮಿನಲ್ಲಿ ಮೊದಲೇ ಮಂಕು, ಅದರ ಮೇಲೆ ಇದೂ ಬೇಕಾ? ಮಂಕು ಕಡಿಮೆ ಎಬ್ಬಿಸುವ ಎಚ್‌ಸಿ-110 ಡೆವಲಪರ್ ತರಿಸು, ಇಲ್ಲವೇ ನಾನು ಡಿ-76 ಕಲಸಿ ಅದಕ್ಕೆ ಬ್ರೋಮೈಡ್ ಸೇರಿಸಿ ಕೊಡುತ್ತೇನೆ.

ಮಂಜಿನ ಫ್ರೇಮ್ – ಜುಲೈ 8

ಅಣ್ಣ, ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನನಗೆ ಹಾಗನ್ನಿಸುವುದಿಲ್ಲ. ಬ್ರೋಮೈಡ್ ಹಾಕಿದ ಕೆಫಿನಾಲ್ ನೆರಳಿನ ಜಾಗದ ವಿವರವನ್ನು ಚೆನ್ನಾಗಿ ಎತ್ತುತ್ತದೆ. ಇಷ್ಟು ವರ್ಷ ಇದ್ದ ರೀಲಿನಲ್ಲಿ ಬಿಂಬ ತಾನೇ ಮಾಸಿರುತ್ತದೆ. ಆ ಉಳಿದ ಸ್ವಲ್ಪವನ್ನು ಎತ್ತುವುದೇ ಮುಖ್ಯ ಅಲ್ವಾ?

ಪ್ರಯೋಗಶಾಲೆ – ಜುಲೈ 9

ಇಬ್ಬರೂ ಊಹೆ ಮೇಲೆ ಮಾತಾಡುವುದು ಯಾಕೆ? ಪೆಟ್ಟಿಗೆಯಲ್ಲಿ ಬಿಚ್ಚದ ಎರಡು ರೀಲು ಇದೆಯಲ್ಲ. ಅದೇ ಅಟ್ಟ, ಅದೇ ಮಳೆ, ಅದೇ ಬೇಸಿಗೆ ಕಂಡ ಫಿಲ್ಮ್. ಅದಕ್ಕಿಂತ ಒಳ್ಳೇ ಅಳತೆಗೋಲು ಎಲ್ಲಿ ಸಿಗುತ್ತದೆ?

ಒಂದು ರೀಲನ್ನು ಪೂರ್ತಿ ಕತ್ತಲಲ್ಲಿ ತುಂಡು ಮಾಡಿ. ಕೆಲವು ತುಂಡಿಗೆ ಬೆಳಕೇ ತೋರಿಸದೆ ತೊಳೆಯಿರಿ, ಎಷ್ಟು ಮಂಕಿದೆ ಅಂತ ಗೊತ್ತಾಗುತ್ತದೆ. ಉಳಿದ ತುಂಡಿನ ಮೇಲೆ ರಟ್ಟು ಇಟ್ಟು, ದೂರದಲ್ಲಿ ಜೀರೋ ಬಲ್ಬು ಹಚ್ಚಿ, ಸೆಕೆಂಡಿಗೊಮ್ಮೆ ರಟ್ಟು ಸರಿಸಿ. ಮೆಟ್ಟಿಲು ಮೆಟ್ಟಿಲಾಗಿ ಬೆಳಕು ಬೀಳುತ್ತದೆ. ಒಂದನ್ನು ಡಿ-76ರಲ್ಲಿ, ಒಂದನ್ನು ಕಾಫಿಯಲ್ಲಿ ತೊಳೆದು ಪಕ್ಕಪಕ್ಕ ಇಡಿ.

ಕಣದ ಮೂಲೆ – ಜುಲೈ 13

ವಿರಾಜಪೇಟೆಯ ಅಣ್ಣ ಡಿ-76 ಜೊತೆ ಟ್ಯಾಂಕ್, ಹೈಪೋ (ಡೆವಲಪ್ ಆದ ಮೇಲೆ ಬಿಂಬ ನಿಲ್ಲಿಸುವ ದ್ರಾವಣ) ಎಲ್ಲ ಕೊಟ್ಟು ಕಳಿಸಿದರು. ಹಣ ಮುಟ್ಟಲಿಲ್ಲ. ನಾನು ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ.

ಮೊದಲು ಕಾಫಿಯ ಪರೀಕ್ಷೆ. ಫಿಲ್ಮ್ ತುಂಡನ್ನು ಬೆಳಕಿಗೆ ಹಿಡಿದು ಡೆವಲಪರ್‌ಗೆ ಅದ್ದಿ, ಕಪ್ಪಾಗಲು ಎಷ್ಟು ಹೊತ್ತು ಬೇಕು ಅಂತ ನೋಡಿದೆ. ಅಂಗಡಿಯ ಇನ್‌ಸ್ಟಂಟ್ ಕಾಫಿ ಎಲ್ಲಕ್ಕಿಂತ ಬೇಗ. ನಮ್ಮ ತೋಟದ ಹುರಿದ ರೊಬಸ್ಟಾದ ಗಟ್ಟಿ ಡಿಕಾಕ್ಷನ್ ಅದರ ಹಿಂದೆ. ಹುರಿಯದ ಹಸಿರು ಬೀಜ ಕುಟ್ಟಿ ಕುದಿಸಿದ ಕಷಾಯವೂ ಕೆಲಸ ಮಾಡಿತು! ಬೀಜ ಕುಟ್ಟಲು ಮಾತ್ರ ಕೈ ಸೋತಿತು, ಕಲ್ಲಿನ ಹಾಗಿದೆ. ಸೋಡಾ ಹಾಕಿ ಉಳಿದ ಕಷಾಯ ಬೆಳಿಗ್ಗೆ ನೋಡಿದರೆ ಹಸಿರು ಬಣ್ಣಕ್ಕೆ ತಿರುಗಿತ್ತು. ಯಾಕೆ?

ಪ್ರಯೋಗಶಾಲೆ – ಜುಲೈ 13

ಹಸಿ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲ ಜಾಸ್ತಿ, ಹುರಿದಾಗ ಅದರ ದೊಡ್ಡ ಪಾಲು ನಾಶವಾಗುತ್ತದೆ. ಕ್ಷಾರದಲ್ಲಿ ಗಾಳಿ ತಾಗಿದಾಗ ಈ ಆಮ್ಲ ಬೀಜದ ಪ್ರೋಟೀನ್ ಜೊತೆ ಸೇರಿ ಹಸಿರು ಬಣ್ಣ ಕೊಡುತ್ತದೆ. ಒಳ್ಳೆಯದನ್ನೇ ಗಮನಿಸಿದ್ದೀರಿ.

ಒಂದು ಪ್ರಶ್ನೆ. ಕಾಫಿಯೇ ಇಲ್ಲದೆ, ಬರೀ ಸೋಡಾ ಮತ್ತು ವಿಟಮಿನ್ ಸಿ ಹಾಕಿ ಒಂದು ತುಂಡು ಅದ್ದಿದಿರಾ? ವಿಟಮಿನ್ ಸಿ ತಾನೇ ಡೆವಲಪರ್. ಅದೊಂದೇ ಎಷ್ಟು ಮಾಡುತ್ತದೆ ಅಂತ ನೋಡದಿದ್ದರೆ ಕಾಫಿಯ ಪಾಲು ಎಷ್ಟು ಅಂತ ಹೇಳಲಾಗದು.

ಕಣದ ಮೂಲೆ – ಜುಲೈ 14

ನಿನ್ನೆ ರಾತ್ರಿಯೇ ಮಾಡಿದೆ ಮೇಡಂ. ಬರೀ ಸೋಡಾ, ವಿಟಮಿನ್ ಸಿಯಲ್ಲಿ ಕಪ್ಪಾಯಿತು, ಆದರೆ ತುಂಬಾ ನಿಧಾನ. ನನ್ನ ಹಸಿ ಬೀಜದ ಕಷಾಯ ಅದಕ್ಕಿಂತ ಸ್ವಲ್ಪ ಮಾತ್ರ ಬೇಗ. ಹುರಿದ ರೊಬಸ್ಟಾ ಡಿಕಾಕ್ಷನ್ ಸ್ಪಷ್ಟವಾಗಿ ಬೇಗ. ಕುಟ್ಟಿದ್ದು ಸಾಲದೆ ಹಸಿ ಬೀಜದ ಸಾರ ಪೂರ್ತಿ ಇಳಿದಿಲ್ಲ ಅಂತ ಕಾಣುತ್ತದೆ.

ಹಾರಂಗಿ ದಡ (ಕುಶಾಲನಗರ) – ಜುಲೈ 14

ಎಲ್ಲರೂ ಡೆವಲಪರ್ ಬಗ್ಗೆ ಬರೆದಿದ್ದೀರಿ. ಬಳಸಿದ ಹೈಪೋ ಎಲ್ಲಿಗೆ ಚೆಲ್ಲುತ್ತೀರಿ? ಕಾಫಿ, ಸೋಡಾ, ವಿಟಮಿನ್ ಸಿ ಅಷ್ಟೇನೂ ಅಪಾಯ ಅಲ್ಲ. ಆದರೆ ಫಿಲ್ಮಿನ ಬೆಳ್ಳಿ ಕರಗಿ ಹೈಪೋದಲ್ಲಿ ಸೇರಿರುತ್ತದೆ. ಬೆಳ್ಳಿ ನೀರಿನ ಜೀವಿಗಳಿಗೆ ವಿಷ. ನಮ್ಮ ಮೋರಿ ತೋಡಿಗೆ, ತೋಡು ಹೊಳೆಗೆ, ಹೊಳೆ ಕಾವೇರಿಗೆ. ತಲಕಾವೇರಿಗೆ ಹೋಗಿ ತೀರ್ಥ ತರುವವರು ನಾವು. ಆ ನೀರಿಗೇ ಇದನ್ನು ಬಿಡಬಾರದು.

ಹೈಪೋವನ್ನು ಹಳೇ ಪ್ಲಾಸ್ಟಿಕ್ ಕ್ಯಾನಿನಲ್ಲಿ ಕೂಡಿಡಿ. ಅದಕ್ಕೆ ಸೋಪು ಹಾಕದ ಸ್ಟೀಲ್ ಉಣ್ಣೆ ಹಾಕಿ ಕೆಲವು ದಿನ ಬಿಟ್ಟರೆ ಕಬ್ಬಿಣ ಕರಗಿ ಬೆಳ್ಳಿ ಕೆಸರಾಗಿ ತಳಕ್ಕೆ ಕೂರುತ್ತದೆ. ಆ ಕೆಸರನ್ನು ಬೇರೆ ಮಾಡಿ ಇಟ್ಟುಕೊಳ್ಳಿ. ಬಾವಿ ಹತ್ತಿರ ಯಾವುದನ್ನೂ ಚೆಲ್ಲಬೇಡಿ.

ದೂರದ ಮಳೆ – ಜುಲೈ 15

ಹೈಪೋ ಬದಲು ಅಡುಗೆ ಉಪ್ಪು ಹಾಕಬಹುದು ಅಂತ ಯಾರೋ ಹೇಳಿದ್ದರು. ಆಗ ಈ ತಲೆನೋವೇ ಇರಲ್ಲ ಅಲ್ವಾ?

ಹೈಪೋ ವಾಸನೆ – ಜುಲೈ 15

ಗಟ್ಟಿ ಉಪ್ಪುನೀರಲ್ಲಿ ಒಂದು ದಿನಕ್ಕಿಂತ ಜಾಸ್ತಿ ನೆನೆಹಾಕಬೇಕು, ಆದರೂ ನಂಬಿಕೆ ಇಲ್ಲ. ಅಷ್ಟು ಹೊತ್ತಲ್ಲಿ ಜೆಲಟಿನ್ ಮೆತ್ತಗಾಗುತ್ತದೆ. ಬೆಳ್ಳಿ ಅಲ್ಲೂ ನೀರಿಗೇ ಬರುತ್ತದಮ್ಮ. ಹೈಪೋ ಅಗ್ಗ, ಅದನ್ನೇ ಬಳಸು. ಫಿಲ್ಮ್ ತುಂಡು ಹಾಲಿನ ಬಣ್ಣ ಬಿಟ್ಟು ತಿಳಿಯಾಗಲು ಎಷ್ಟು ಹೊತ್ತು ಹಿಡಿಯಿತೋ, ಅದರ ಎರಡರಷ್ಟು ಹೊತ್ತು ಇಡು. ಅಷ್ಟೇ ಲೆಕ್ಕ.

ಕಣದ ಮೂಲೆ – ಜುಲೈ 19

ತುಂಡುಗಳೆಲ್ಲ ಒಣಗಿವೆ. ಈ ಮಳೆಗೆ ಒಣಗಲು ಎರಡು ದಿನ ಬೇಕಾಯಿತು.

ಡಿ-76 ತುಂಡಿನಲ್ಲಿ ಮಂಕು ಕಡಿಮೆ, ನೋಡಲು ಶುಭ್ರ. ಆದರೆ ಮೊದಲ ಮೂರು ಮೆಟ್ಟಿಲು ಮಂಕಿನೊಳಗೇ ಮುಳುಗಿವೆ. ನಾಲ್ಕನೆಯದರಿಂದ ಕಾಣುತ್ತದೆ. ಬ್ರೋಮೈಡ್ ಹಾಕಿದ ಕಾಫಿ ತುಂಡು ಕಂದು. ಕಿಟಕಿಗೆ ಹಿಡಿದರೆ ಬೆಲ್ಲದ ಪಾಕದ ಬಣ್ಣ. ಆದರೆ ಎರಡನೇ ಮೆಟ್ಟಿಲಿನ ಗೆರೆ ಕಾಣುತ್ತಿದೆ. ಬ್ರೋಮೈಡ್ ಇಲ್ಲದ ಕಾಫಿ ತುಂಡು ಮಾತ್ರ ಪೂರ್ತಿ ಕಪ್ಪು, ಏನೂ ಇಲ್ಲ.

ಅಣ್ಣ, ನೀವೇ ಹೇಳಿ. ನೀವು ಬೇಡ ಅಂದರೆ ಕಾಫಿ ಹಾಕುವುದಿಲ್ಲ.

ಹೈಪೋ ವಾಸನೆ – ಜುಲೈ 19

ಎರಡನೇ ಮೆಟ್ಟಿಲು ಕಂಡಿದೆ ಅಂದಮೇಲೆ ಕಾಫಿಗೇ ಹಾಕು. ಕಂದು ಬಣ್ಣವನ್ನು ಸ್ಕ್ಯಾನ್ ಮಾಡುವಾಗ ಕಳೆಯಬಹುದು. ನೆಗೆಟಿವ್‌ನಲ್ಲಿ ಇಲ್ಲದ ಗೆರೆಯನ್ನು ಯಾರೂ ತರಲಾರರು. ಮಡಿಕೇರಿಯ ತಮ್ಮ ಹೇಳಿದ್ದೇ ಸರಿ ಇತ್ತು.

120 ರೀಲಿನಲ್ಲಿ ಇನ್ನೊಂದು ನೆನಪಿಡು. ಕಾಗದ ಫಿಲ್ಮಿಗೆ ಅಂಟಿರಬಹುದು. ಕತ್ತಲಲ್ಲಿ ಬಿಡಿಸುವಾಗ ಚರ್ ಅಂತ ಸದ್ದು ಬಂದರೆ ನಿಲ್ಲಿಸು, ನಿಧಾನ ಎಳೆ. ಟ್ಯಾಂಕಿಗೆ ಹಾಕುವ ಮೊದಲು ಕೈ ಪೂರ್ತಿ ಒಣಗಿರಲಿ.

ಪ್ರಯೋಗಶಾಲೆ – ಜುಲೈ 19

ಒಪ್ಪಿದೆ. ಆದರೆ ತೋಟದ ಡಿಕಾಕ್ಷನ್ ಬೇಡ, ಪರೀಕ್ಷೆ ಮಾಡಿದ ಅದೇ ಇನ್‌ಸ್ಟಂಟ್ ಕಾಫಿ, ಅದೇ ಡಬ್ಬಿ, ಅದೇ ಸೋಡಾ. ಡಿಕಾಕ್ಷನ್ ಪ್ರತಿ ಸಲ ಒಂದೇ ಗಟ್ಟಿ ಇರುವುದಿಲ್ಲ. ನಿಮಗೆ ಆಸೆ ಇದೆ ಅಂತ ಗೊತ್ತು. ಅಜ್ಜನ ರೀಲು ಒಂದೇ ಇದೆ.

ಮಂಜಿನ ಫ್ರೇಮ್ – ಜುಲೈ 20

ಮೇಡಂ ಮಾತು ನೂರಕ್ಕೆ ನೂರು. ನಾನು ಒಮ್ಮೆ ಮಾಂದಲಪಟ್ಟಿಯಲ್ಲಿ ತೆಗೆದ ಒಳ್ಳೇ ರೀಲನ್ನು ಹೊಸ ಡಬ್ಬಿ ಕಾಫಿ ಪರೀಕ್ಷೆ ಮಾಡದೇ ತೊಳೆದು ಕಳೆದುಕೊಂಡೆ. ಆ ಮಂಜು, ಆ ಬೆಳಕು ಮತ್ತೆ ಸಿಕ್ಕಿಲ್ಲ.

ಅವಧಿ ಮೀರಿದ ಕಲರ್ ರೀಲು ಇರುವವರೂ ಕೆಲವರು ನನಗೆ ಬರೆದಿದ್ದಾರೆ. ಹೊಸದಾಗಿ ಫೋಟೋ ತೆಗೆಯುವುದಾದರೆ ಹತ್ತು ವರ್ಷಕ್ಕೆ ಒಂದು ಸ್ಟಾಪ್ (ಅಂದರೆ ಎರಡರಷ್ಟು) ಬೆಳಕು ಜಾಸ್ತಿ ಕೊಡಿ. 2004ರ 200 ಐಎಸ್ಒ ಫಿಲ್ಮ್ ಆದರೆ 50 ಅಂತ ಇಟ್ಟುಕೊಳ್ಳಿ. ಕಾಫಿಯಲ್ಲಿ ತೊಳೆದರೆ ಅದು ಕಪ್ಪುಬಿಳುಪೇ ಬರುತ್ತದೆ, ಫಿಲ್ಮಿನ ಕಿತ್ತಳೆ ಬಣ್ಣ ಹಾಗೇ ಇರುತ್ತದೆ. ಬಣ್ಣ ಬೇಕಾದರೆ ಕಲರ್ ಫಿಲ್ಮ್ ತೊಳೆಯುವ ಸಿ-41 ಕಿಟ್ಟೇ ಬೇಕು, ಅದೂ 38 ಡಿಗ್ರಿ ಬಿಸಿಯಲ್ಲಿ.

ಕಣದ ಮೂಲೆ – ಜುಲೈ 27

ಮೊನ್ನೆ ರಾತ್ರಿ ಕರೆಂಟ್ ಹೋಯಿತು. ಬಚ್ಚಲುಮನೆ ಕಿಟಕಿಗೆ ಕಂಬಳಿ ಕಟ್ಟಿ ಶುರು ಮಾಡಿದೆ. ಕಾಗದ ಎರಡು ಕಡೆ ಅಂಟಿತ್ತು. ಅಣ್ಣ ಹೇಳಿದ ಸದ್ದು ಬಂತು, ನಿಲ್ಲಿಸಿದೆ, ನಿಧಾನ ಎಳೆದೆ. ನೀರು 20 ಡಿಗ್ರಿ, 15 ನಿಮಿಷ, ಮೂರು ಸಲ ನೀರು, ಹೈಪೋ 10 ನಿಮಿಷ. ಹೈಪೋ ಕ್ಯಾನಿಗೆ ಹೋಗಿದೆ.

12ರಲ್ಲಿ ಏಳು ಪೂರ್ತಿ ಹೋಗಿವೆ. ಮೂರರಲ್ಲಿ ಆಕಾರ ಮಾತ್ರ. ಒಂದರಲ್ಲಿ ಗದ್ದೆ ಬಯಲು ಇದೆ, ಆಕಾಶದಲ್ಲಿ ಹಿಂದಿನ ಕಾಗದದ 7 ಅನ್ನುವ ಅಂಕಿ ಅಚ್ಚಾಗಿದೆ.

ಇನ್ನೊಂದು ಚೆನ್ನಾಗಿದೆ. ನಮ್ಮದೇ ಕಣ. ಕಾಫಿ ಹರಡಿದೆ. ಒಬ್ಬ ಹುಡುಗಿ ಕಾಲಲ್ಲಿ ಸಾಲು ಎಳೆಯುತ್ತಿದ್ದಾಳೆ, ಬಾಯಿ ತೆರೆದು ಏನೋ ಹೇಳುತ್ತಿದ್ದಾಳೆ. ದೊಡ್ಡಮ್ಮನಿಗೆ ತೋರಿಸಿದೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ನಾನೇ. ಅಪ್ಪ ಬಿಸಿಲಲ್ಲಿ ನಿಲ್ಲಿಸಿ ತೆಗೀತಾ ಇದ್ದರು, ಬೇಗ ತೆಗೀರಿ ಕಾಲು ಸುಡ್ತಾ ಇದೆ ಅಂದೆ" ಅಂದರು. ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ.

ಹೈಪೋ ವಾಸನೆ – ಜುಲೈ 27

ಓದಿ ಕಣ್ಣು ತುಂಬಿತು. ಆ ನೆಗೆಟಿವನ್ನು ಇನ್ನೊಮ್ಮೆ ಅರ್ಧ ಗಂಟೆ ಹರಿಯುವ ನೀರಲ್ಲಿ ತೊಳೆ. ಹೈಪೋ ಉಳಿದರೆ ಕೆಲವು ವರ್ಷಕ್ಕೆ ಹಳದಿ ಆಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡ, ನಮ್ಮ ಹವೆಗೆ ಅಂಟುತ್ತದೆ. ಕಾಗದದ ಲಕೋಟೆಯಲ್ಲಿಡು. ಆಕಾರ ಮಾತ್ರ ಕಂಡ ಮೂರನ್ನೂ ಎಸೆಯಬೇಡ, ಸ್ಕ್ಯಾನ್‌ನಲ್ಲಿ ಏನು ಬರುತ್ತದೋ ನೋಡೋಣ.

ದೂರದ ಮಳೆ – ಜುಲೈ 28

ಕಕ್ಕಡ 18 (ನಾವು ಮದ್ದ್ ಸೊಪ್ಪು ತಿನ್ನುವ ದಿನ) ಹತ್ತಿರ ಬಂತು. ನಾನು ಊರಿಗೆ ಬರುತ್ತಿದ್ದೇನೆ. ಮದ್ದ್ ಸೊಪ್ಪಿನ ನೇರಳೆ ಕಷಾಯಕ್ಕೆ ಸೋಡಾ ಹಾಕಿ ಒಂದು ತುಂಡು ಫಿಲ್ಮ್ ಅದ್ದಿ ನೋಡುವ ಆಸೆ ಇದೆ. ಬೆಳಕಿಗೆ ಹಿಡಿದ ಬೇಡದ ತುಂಡಿನಲ್ಲೇ ಮಾಡುತ್ತೇನೆ. ಕಷಾಯ ಇಲ್ಲದ ತುಂಡೂ ಪಕ್ಕದಲ್ಲಿ ಇರುತ್ತದೆ ಮೇಡಂ.

ಕಣದ ಮೂಲೆ – ಜುಲೈ 28

ಬಿಚ್ಚದ ಇನ್ನೊಂದು ಇಂದು ರೀಲು ಹಾಗೇ ಇದೆ. ಅದನ್ನು ಅಜ್ಜನ ಕ್ಲಿಕ್‌ಗೇ ಹಾಕಿ ಕೈಲ್‌ಪೊಳ್ದ್ ಹಬ್ಬದ ದಿನ ಫೋಟೋ ತೆಗೆಯಬೇಕು ಅಂತ ಇದ್ದೇನೆ. ದೊಡ್ಡಮ್ಮ ಮತ್ತೆ ಅದೇ ಕಣದಲ್ಲಿ ನಿಲ್ಲುತ್ತೇನೆ ಅಂದಿದ್ದಾರೆ. ತೊಳೆಯುವುದು ಮಾತ್ರ ನಮ್ಮ ರೊಬಸ್ಟಾದಲ್ಲೇ. ಡಿಕಾಕ್ಷನ್ ಗಟ್ಟಿ ಎಷ್ಟು ಅಂತ ಅಳೆಯಲು ಈಗಿನಿಂದಲೇ ಶುರು ಮಾಡಿದ್ದೇನೆ. ಆ ಕ್ಯಾಮೆರಾದಲ್ಲಿ ಬೆಳಕು ಜಾಸ್ತಿ ಕೊಡುವುದು ಹೇಗೆ ಅಣ್ಣ?

ಹೈಪೋ ವಾಸನೆ – ಜುಲೈ 29

ಕ್ಲಿಕ್‌ನಲ್ಲಿ ಶಟರ್ ವೇಗ ಬದಲಾಯಿಸಲು ಆಗುವುದಿಲ್ಲ. ಕ್ಯಾಮೆರಾವನ್ನು ಗಟ್ಟಿ ಮೇಜಿನ ಮೇಲಿಟ್ಟು, ಅಲುಗಾಡದ ಹಾಗೆ ಹಿಡಿದು, ಒಂದೇ ಫ್ರೇಮಿಗೆ ನಾಲ್ಕು ಸಲ ಗುಂಡಿ ಒತ್ತು. ಎರಡು ಸ್ಟಾಪ್ ಜಾಸ್ತಿ ಸಿಕ್ಕಂತೆ. ದೊಡ್ಡಮ್ಮನಿಗೆ ಕುರ್ಚಿ ಹಾಕು, ಅಲುಗಾಡದೆ ಕೂರಬೇಕಲ್ಲ. ಸೆಪ್ಟೆಂಬರಿನಲ್ಲಿ ಮಳೆ ಬಿಡುವು ಕೊಟ್ಟರೆ ಹತ್ತು ಗಂಟೆ ಬಿಸಿಲಿಗೆ ತೆಗೆ. ನಾನೂ ಬರುತ್ತೇನೆ.